ಕಣಕುಂಬಿಯ ನೀರು: ತಡ ಯಾರದು, ನಷ್ಟ ಯಾರದು?

(ಖಾನಾಪುರದಲ್ಲಿ ಸೇರಿದ್ದ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಪಾಠ. ಸಭೆಗೆ ಬರಲಾಗದ ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ಕೊಡಲಾಗಿದೆ.)



ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಹಾಲಿನ ದರ, ಫ್ಯಾಟು, ಪಶು ಆಹಾರ, ಕೃತಕ ಗರ್ಭಧಾರಣೆ, ಕಾಲುಬಾಯಿ ಬೇನೆಯ ಲಸಿಕೆ, ಇಂಥ ವಿಷಯಗಳ ಮೇಲೆ ಮಾತು ನಡೆಯುತ್ತದೆ. ಇವತ್ತು ನನಗೆ ಕೊಟ್ಟಿರುವ ವಿಷಯ ಬೇರೆ. ಕಳಸಾ-ಬಂಡೂರಿ ಯೋಜನೆಗೆ ಒಪ್ಪಿಗೆ ಕೊಡುವುದರಲ್ಲಿ ಆಗಿರುವ ವಿಳಂಬದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕೇಳಿದ್ದೀರಿ. ಹಾಲಿನವರಿಗೂ ಈ ನೀರಿನ ಜಗಳಕ್ಕೂ ಏನು ಸಂಬಂಧ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆದ್ದರಿಂದ ಮೊದಲು ಆ ಸಂಬಂಧವನ್ನೇ ಹೇಳುತ್ತೇನೆ.

ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರು. ಎಮ್ಮೆಯ ಹಾಲಿನಲ್ಲಿ ಸುಮಾರು 83 ಭಾಗ. ಒಂದು ಲೀಟರ್ ಹಾಲು ಬರಬೇಕಾದರೆ ದನ ತನ್ನ ಮೈಗೆ ಬೇಕಾದ ನೀರಲ್ಲದೆ ಇನ್ನೂ 3ರಿಂದ 5 ಲೀಟರ್ ನೀರು ಕುಡಿಯಬೇಕು. ಬೇಸಿಗೆಯಲ್ಲಿ ಹಿಂಡುವ ಎಮ್ಮೆಯೊಂದಕ್ಕೆ ದಿನಕ್ಕೆ 60ರಿಂದ 80 ಲೀಟರ್ ನೀರು ಬೇಕು. ನಿಮ್ಮ ಊರಿನಲ್ಲಿ ಹಾಲು ಕೊಡುವ 200 ದನಗಳಿವೆ ಎಂದಿಟ್ಟುಕೊಳ್ಳಿ. ತಲೆಗೆ 70 ಲೀಟರಿನಂತೆ ದಿನಕ್ಕೆ 14,000 ಲೀಟರ್ ಆಯಿತು. ಅಂದರೆ 5,000 ಲೀಟರಿನ ಟ್ಯಾಂಕರ್ ಸುಮಾರು ಮೂರು. ಇದು ಬರೀ ಕುಡಿಯುವ ನೀರು. ಮೈ ತೊಳೆಯುವುದು, ಕೊಟ್ಟಿಗೆ ತೊಳೆಯುವುದು, ಕ್ಯಾನು ತೊಳೆಯುವುದು, ಹಸಿರು ಮೇವು ಬೆಳೆಯುವುದು ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಸಂಘದ ಹಾಲು ಯಾಕೆ ಇಳಿಯುತ್ತದೆ ಎಂದು ಕಾರ್ಯದರ್ಶಿಯನ್ನು ಕೇಳಿ ನೋಡಿ. ಮೊದಲು ಮೇವಿನ ಮಾತು ಹೇಳುತ್ತಾರೆ, ನಂತರ ನೀರಿನ ಮಾತು. ಎರಡೂ ಒಂದೇ.

ಇನ್ನೊಂದು ಸಂಬಂಧವೂ ಇದೆ. ಮಲಪ್ರಭೆ ಹುಟ್ಟುವ ಖಾನಾಪುರ ತಾಲೂಕು ನಮ್ಮ ಜಿಲ್ಲೆಯದು. ಅದರ ನೀರನ್ನು ನಂಬಿರುವ ಸವದತ್ತಿ, ರಾಮದುರ್ಗ ತಾಲೂಕುಗಳೂ ನಮ್ಮ ಜಿಲ್ಲೆಯವೇ. ನೀರು ಬರಲಿ ಎನ್ನುವವರೂ, ನಮ್ಮ ಕಾಡು ಕೆಡದಿರಲಿ ಎನ್ನುವವರೂ ಒಂದೇ ಒಕ್ಕೂಟಕ್ಕೆ ಹಾಲು ಹಾಕುತ್ತಾರೆ. ಬೆಂಗಳೂರಿನವರು, ಪಣಜಿಯವರು, ದಿಲ್ಲಿಯವರು ಈ ವಿಷಯವನ್ನು ದೂರದಿಂದ ನೋಡಬಹುದು. ನಮಗೆ ಆ ಅನುಕೂಲವಿಲ್ಲ. ಇದು ಮನೆಯೊಳಗಿನ ಮಾತು. ಆದ್ದರಿಂದ ಪಕ್ಷದ ಮಾತು ಬಿಟ್ಟು, ಗೊತ್ತಿರುವ ಸಂಗತಿಯನ್ನಷ್ಟೇ ಹೇಳುತ್ತೇನೆ.

ಒಂದೇ ದಿಬ್ಬ, ಎರಡು ದಾರಿ

ಕಣಕುಂಬಿ ನಿಮಗೆಲ್ಲ ಗೊತ್ತಿರುವ ಊರು. ಮಾವುಲಿ ದೇವಿಯ ಗುಡಿಯ ಹತ್ತಿರ ಮಲಪ್ರಭೆ ಹುಟ್ಟುತ್ತಾಳೆ. ಖಾನಾಪುರವನ್ನು ಹಾಯ್ದು ಪೂರ್ವಕ್ಕೆ ಹರಿದು, ನವಿಲುತೀರ್ಥದ ಅಣೆಕಟ್ಟೆಯಲ್ಲಿ ನಿಂತು, ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಅದೇ ಗುಡ್ಡಸಾಲಿನ ಇನ್ನೊಂದು ಮಗ್ಗುಲಿಗೆ ಬಿದ್ದ ಮಳೆ ಕಳಸಾ ನಾಲಾದಲ್ಲಿ ಇಳಿದು ಪಶ್ಚಿಮಕ್ಕೆ ಹೋಗುತ್ತದೆ. ನೇರಸೆಯ ಕಡೆಯ ಬಂಡೂರಿ ನಾಲಾದ ನೀರೂ ಹಾಗೆಯೇ. ಇವೆಲ್ಲ ಮಹದಾಯಿಯನ್ನು ಸೇರಿ, ಗೋವೆಯಲ್ಲಿ ಮಾಂಡೋವಿ ಎಂಬ ಹೆಸರಿನಿಂದ ಸಮುದ್ರಕ್ಕೆ ಹೋಗುತ್ತವೆ. ಅಂದರೆ ಕಣಕುಂಬಿಯ ಹೆಂಚಿನ ಮನೆಯ ಮೇಲೆ ಬಿದ್ದ ಮಳೆಯಲ್ಲಿ ಒಂದು ಮಗ್ಗುಲಿನದು ಬಂಗಾಳ ಕೊಲ್ಲಿಗೆ, ಇನ್ನೊಂದು ಮಗ್ಗುಲಿನದು ಅರಬ್ಬಿ ಸಮುದ್ರಕ್ಕೆ ಎಂದರೂ ನಡೆದೀತು.

ಮಹದಾಯಿ ಕಣಿವೆಯ ವಿಸ್ತೀರ್ಣ 2,032 ಚದರ ಕಿಲೋಮೀಟರ್. ಅದರಲ್ಲಿ ಗೋವೆಯದು 1,580, ನಮ್ಮದು 375, ಮಹಾರಾಷ್ಟ್ರದ್ದು 77. ಹತ್ತಿರದಲ್ಲೇ ಹುಟ್ಟುವ ಈ ಪಶ್ಚಿಮದ ನೀರಿನಲ್ಲಿ ಸ್ವಲ್ಪ ಭಾಗವನ್ನು ಮಲಪ್ರಭೆಗೆ ತಿರುಗಿಸಿದರೆ ಕೆಳಗಿನ ಬಯಲು ಸೀಮೆಗೆ ಕುಡಿಯುವ ನೀರಾಗುತ್ತದೆ ಎಂಬುದೇ ಕಳಸಾ-ಬಂಡೂರಿ ಯೋಜನೆಯ ತಿರುಳು.

ಕೆಳಗಿನವರ ಕಷ್ಟವೇನು?

ನವಿಲುತೀರ್ಥದ ರೇಣುಕಾಸಾಗರ ಜಲಾಶಯ 37.73 ಟಿ.ಎಂ.ಸಿ. ನೀರು ಹಿಡಿಯುವಂತೆ ಕಟ್ಟಿದ್ದು. ಬೆಳಗಾವಿ, ಧಾರವಾಡ, ಗದಗ, ಬಾಗಲಕೋಟೆ ಜಿಲ್ಲೆಗಳ ಹೊಲಗಳೂ, ಹುಬ್ಬಳ್ಳಿ-ಧಾರವಾಡದ ನಲ್ಲಿಗಳೂ ಅದನ್ನೇ ನೆಚ್ಚಿವೆ. ಆದರೆ ಕಟ್ಟಿದ ಲೆಕ್ಕಕ್ಕೂ ಬಂದ ನೀರಿಗೂ ತಾಳೆಯಾಗದ ವರ್ಷಗಳೇ ಹೆಚ್ಚು. 2019ರ ಆಗಸ್ಟಿನಲ್ಲಿ ಬಂದಂಥ ಮಹಾಪೂರ ಒಂದು ಕಡೆ. ಆಗ ರಾಮದುರ್ಗದ ಕಡೆ ಮನೆಗಳು ಮುಳುಗಿದ್ದನ್ನು ನೀವು ಮರೆತಿಲ್ಲ. ಇನ್ನೊಂದು ಕಡೆ, ಕೆರೆಯ ತಳ ಕಾಣುವ ವರ್ಷಗಳು.

ಈ ನೀರಿನ ಸಿಟ್ಟು ಎಷ್ಟು ಹಳೆಯದು ಎಂಬುದಕ್ಕೆ 1980ನೆಯ ಇಸವಿಯೇ ಸಾಕ್ಷಿ. ಹೊಲಕ್ಕೆ ನೀರು ಬರುವ ಮೊದಲೇ ಅಭಿವೃದ್ಧಿ ಕರ ಕಟ್ಟಿ ಎಂದು ಸರ್ಕಾರ ಬೆನ್ನು ಹತ್ತಿತು. ಕೂಸು ಹುಟ್ಟುವ ಮುಂಚೆ ಕುಲಾವಿಗೆ ಹಣ ಕೇಳಿದ ಹಾಗೆ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗಿಳಿದರು, ಗೋಲಿಬಾರ್ ಆಯಿತು, ಜೀವಗಳು ಹೋದವು. ಇಂದಿಗೂ ಆ ದಿನವನ್ನು ರೈತ ಹುತಾತ್ಮ ದಿನವೆಂದು ನೆನೆಯುತ್ತಾರೆ. ಕರ್ನಾಟಕದ ರೈತ ಚಳವಳಿಗೆ ಬಲ ಬಂದದ್ದು ಅಲ್ಲಿಂದ. ಮಹದಾಯಿಯ ನೀರನ್ನು ಮಲಪ್ರಭೆಗೆ ತರುವ ಮಾತು ಸರ್ಕಾರದ ಮಟ್ಟದಲ್ಲಿ ಬಲಗೊಂಡದ್ದೂ ಅದೇ ದಶಕದಲ್ಲಿ.

ಒಪ್ಪಿಗೆಯ ಕಥೆ

ಈಗ ವಿಳಂಬದ ಕಥೆ ಕೇಳಿ. ಇಸವಿಗಳನ್ನು ಗಮನವಿಟ್ಟು ಓದಿ, ಯಾಕೆಂದರೆ ಇದರಲ್ಲಿ ಇಸವಿಗಳೇ ಮುಖ್ಯ.

2002ರ ಏಪ್ರಿಲ್ 30ರಂದು ಕೇಂದ್ರ ಜಲಸಂಪನ್ಮೂಲ ಸಚಿವಾಲಯ 7.56 ಟಿ.ಎಂ.ಸಿ. ನೀರು ತಿರುಗಿಸಲು ತಾತ್ವಿಕ ಒಪ್ಪಿಗೆ ಕೊಟ್ಟಿತು. ಗೋವೆ ತಕರಾರು ತೆಗೆಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆ ಒಪ್ಪಿಗೆಯನ್ನು ತಡೆಹಿಡಿಯಲಾಯಿತು. ರದ್ದು ಮಾಡಲಿಲ್ಲ, ಜಾರಿಗೂ ಬಿಡಲಿಲ್ಲ. ಐದು ತಿಂಗಳೂ ತುಂಬದ ಒಪ್ಪಿಗೆ ಅದು.

2006ರಲ್ಲಿ ನಮ್ಮ ರಾಜ್ಯ ಸರ್ಕಾರ ಕಣಕುಂಬಿಯಲ್ಲಿ ಅಡಿಗಲ್ಲು ಹಾಕಿತು. ಗೋವೆ ಸುಪ್ರೀಂ ಕೋರ್ಟಿಗೆ ಹೋಯಿತು. 2010ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಮಹದಾಯಿ ಜಲವಿವಾದ ನ್ಯಾಯಮಂಡಳಿಯನ್ನು ರಚಿಸಿತು, ನ್ಯಾಯಮೂರ್ತಿ ಜೆ.ಎಂ. ಪಾಂಚಾಲ ಅವರು ಅದರ ಅಧ್ಯಕ್ಷರು. 2014ರಲ್ಲಿ, ತೀರ್ಪು ಬರುವವರೆಗೆ ನೀರು ತಿರುಗಿಸಬಾರದು ಎಂದು ಮಧ್ಯಂತರ ಆದೇಶವಾಯಿತು. ತೋಡಿದ ಕಾಲುವೆ ಅಲ್ಲಿಗೇ ನಿಂತಿತು. 2015ರ ಜುಲೈಯಲ್ಲಿ ನರಗುಂದದ ರೈತರು ಧರಣಿ ಕೂತರು. ಅದು ವರ್ಷಗಟ್ಟಲೆ ಎಳೆಯಿತು. 2016ರ ಜುಲೈಯಲ್ಲಿ, ಮಧ್ಯಂತರವಾಗಿ 7 ಟಿ.ಎಂ.ಸಿ. ಕೊಡಿ ಎಂಬ ನಮ್ಮ ಅರ್ಜಿಯನ್ನು ನ್ಯಾಯಮಂಡಳಿ ತಿರಸ್ಕರಿಸಿತು. ಊರೂರು ಬಂದ್ ಆದವು. ನವಲಗುಂದ ತಾಲೂಕಿನ ಯಮನೂರಿನಲ್ಲಿ ಪೊಲೀಸರ ಲಾಠಿ ಏಟಿಗೆ ಮುದುಕರು, ಹೆಂಗಸರು ಎನ್ನದೆ ಸಿಕ್ಕಿಬಿದ್ದರು.

2018ರ ಆಗಸ್ಟ್ 14ರಂದು ತೀರ್ಪು ಬಂತು. ಮಹದಾಯಿಯಲ್ಲಿ ನಾಲ್ಕರಲ್ಲಿ ಮೂರು ವರ್ಷ ನಂಬಬಹುದಾದ ನೀರು 188.06 ಟಿ.ಎಂ.ಸಿ. ಎಂದು ಲೆಕ್ಕ ಹಾಕಿದರು. ಅದರಲ್ಲಿ ಗೋವೆಗೆ 24, ಮಹಾರಾಷ್ಟ್ರಕ್ಕೆ 1.33, ನಮಗೆ 13.42. ನಮ್ಮ 13.42ರಲ್ಲಿ 8.02 ಟಿ.ಎಂ.ಸಿ. ವಿದ್ಯುತ್ತಿಗೆ, 1.5 ಕಣಿವೆಯೊಳಗಿನ ಬಳಕೆಗೆ. ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9 ಟಿ.ಎಂ.ಸಿ. ಒಂದು ಟಿ.ಎಂ.ಸಿ. ಎಂದರೆ ಸುಮಾರು 2,830 ಕೋಟಿ ಲೀಟರ್. ಹಾಗಾಗಿ 3.9 ಟಿ.ಎಂ.ಸಿ. ಅಂದರೆ 11,000 ಕೋಟಿ ಲೀಟರಿನಷ್ಟು. ಕೇಳಿದ್ದಕ್ಕೆ ಅರ್ಧವಷ್ಟೇ ಆದರೂ, ಕುಡಿಯುವ ನೀರಿನ ಲೆಕ್ಕದಲ್ಲಿ ಅದು ಸಣ್ಣದಲ್ಲ.

ತೀರ್ಪಿನ ಮೇಲೆ ಮೂರು ರಾಜ್ಯಗಳೂ ಸುಪ್ರೀಂ ಕೋರ್ಟಿಗೆ ಹೋದವು. ತೀರ್ಪು ಗೆಜೆಟ್ಟಿನಲ್ಲಿ ಬರಲು 2020ರ ಫೆಬ್ರುವರಿ ಆಯಿತು. ನಡುವೆ 2019ರ ಅಕ್ಟೋಬರಿನಲ್ಲಿ, ಇದು ಕುಡಿಯುವ ನೀರಿನ ಯೋಜನೆ, ಪರಿಸರ ಅನುಮತಿ ಬೇಡ ಎಂದು ಕೇಂದ್ರ ಪರಿಸರ ಸಚಿವಾಲಯ ಪತ್ರ ಬರೆಯಿತು. ಡಿಸೆಂಬರಿನಲ್ಲಿ ಆ ಪತ್ರವನ್ನು ತಡೆಹಿಡಿಯಿತು. 2002ರ ಆಟವೇ ಮತ್ತೊಮ್ಮೆ.

2022ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗ ಪರಿಷ್ಕೃತ ಯೋಜನಾ ವರದಿಗೆ ಒಪ್ಪಿಗೆ ಕೊಟ್ಟಿತು. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆದಿತ್ತು. ಮುಖ್ಯಮಂತ್ರಿಗಳು ಅಲ್ಲಿಯೇ ಸುದ್ದಿ ಹೇಳಿದರು, ಪೇಡೆ ಹಂಚಿದ್ದೂ ಆಯಿತು. ಮರುತಿಂಗಳೇ ಗೋವೆಯ ಮುಖ್ಯ ವನ್ಯಜೀವಿ ಪರಿಪಾಲಕರು ವನ್ಯಜೀವಿ ಕಾಯ್ದೆಯ ಅಡಿ ನಮ್ಮ ರಾಜ್ಯಕ್ಕೆ ನೋಟೀಸು ಕೊಟ್ಟರು. 2023ರ ಫೆಬ್ರುವರಿಯಲ್ಲಿ ತೀರ್ಪಿನ ಜಾರಿ ನೋಡಿಕೊಳ್ಳಲು ಪ್ರವಾಹ್ ಎಂಬ ಪ್ರಾಧಿಕಾರಕ್ಕೆ ಕೇಂದ್ರ ಸಂಪುಟ ಒಪ್ಪಿತು. 2024ರ ಜನವರಿಯಲ್ಲಿ ಕಳಸಾ ಕೊಳವೆಗೆ ಕಾಡಿನ ಜಾಗ ಕೊಡುವ ಪ್ರಸ್ತಾವ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿಯ ಮುಂದೆ ಬಂದಾಗ ಅದನ್ನು ಮುಂದೂಡಲಾಯಿತು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಹುಟ್ಟಿದ್ದು ಇಂಥದ್ದನ್ನು ನೋಡಿಯೇ ಇರಬೇಕು.

ಈ ತಡಕ್ಕೆ ಬೆಲೆ ಎಷ್ಟು? 2000ದ ಸುಮಾರಿಗೆ ಎರಡೂ ನಾಲೆಗಳ ಕೆಲಸ ಸೇರಿ ಸುಮಾರು 94 ಕೋಟಿ ರೂಪಾಯಿ ಅಂದಾಜು. 2020ರ ಹೊತ್ತಿಗೆ ಅದು 1,677 ಕೋಟಿ ದಾಟಿತು. ಯೋಜನೆಯ ರೂಪ ಬದಲಾಗಿದೆ ಎಂಬುದೂ ನಿಜ, ಆದರೆ ಹದಿನೇಳು ಪಟ್ಟಿಗಿಂತ ಹೆಚ್ಚು ಏರಿದ ಲೆಕ್ಕವನ್ನು ಯಾವ ಸಂಘದ ಲೆಕ್ಕ ತಪಾಸಣೆಯಲ್ಲೂ ಸುಮ್ಮನೆ ಬಿಡುವುದಿಲ್ಲ.

ಒಂದು ಒಪ್ಪಿಗೆ ಎಂದರೆ ಎಲ್ಲ ಒಪ್ಪಿಗೆಯಲ್ಲ

ಪತ್ರಿಕೆಯಲ್ಲಿ ‘ಕಳಸಾ-ಬಂಡೂರಿಗೆ ಒಪ್ಪಿಗೆ’ ಎಂದು ದಪ್ಪ ಅಕ್ಷರದಲ್ಲಿ ಬಂದಾಗಲೆಲ್ಲ ನಾವು ನೀರು ಬಂತೆಂದೇ ತಿಳಿಯುತ್ತೇವೆ. ಇಲ್ಲಿ ಸ್ವಲ್ಪ ತಿಳಿವಳಿಕೆ ಬೇಕು. ನೀರಿನ ಹಂಚಿಕೆ ನ್ಯಾಯಮಂಡಳಿಯದು. ನೀರಿನ ಲೆಕ್ಕ, ಕಟ್ಟುವ ರೀತಿ, ಖರ್ಚು ಸರಿಯಿದೆಯೇ ಎಂದು ನೋಡುವುದು ಜಲ ಆಯೋಗದ್ದು. ಕಾಡಿನ ಜಮೀನು ಬಳಸಲು ಅರಣ್ಯ ಅನುಮತಿ ಬೇಕು, ಅದೂ ಎರಡು ಹಂತದಲ್ಲಿ. ಹುಲಿ ಓಡಾಡುವ ದಾರಿಯಾದರೆ ವನ್ಯಜೀವಿ ಮಂಡಳಿಯ ಅನುಮತಿ ಬೇರೆ. ಇಷ್ಟರ ಮೇಲೆ ಕೋರ್ಟು. ಹಾಲು ಅಳೆದದ್ದು ಒಂದು, ಫ್ಯಾಟು ನೋಡಿದ್ದು ಒಂದು, ಪಟ್ಟಿ ಬರೆದದ್ದು ಒಂದು, ಬಿಲ್ಲಿನ ಹಣ ಕೈಗೆ ಬಂದದ್ದು ಒಂದು. ಅಳೆದ ಕೂಡಲೇ ಹಣ ಬಂತೆಂದು ಯಾರೂ ಎಣಿಸುವುದಿಲ್ಲವಷ್ಟೆ?

ರಾಜಕೀಯದವರು ಮಾಡುವುದೇನೆಂದರೆ, ಇವುಗಳಲ್ಲಿ ಒಂದು ಸಿಕ್ಕಾಗ ಎಲ್ಲ ಸಿಕ್ಕಿತೆನ್ನುತ್ತಾರೆ, ಒಂದು ತಪ್ಪಿದಾಗ ಎಲ್ಲ ಎದುರಿನವನಿಂದ ತಪ್ಪಿತೆನ್ನುತ್ತಾರೆ. ಅಧಿಕಾರದಲ್ಲಿ ಇಲ್ಲದಾಗ ಪಾದಯಾತ್ರೆ, ಅಧಿಕಾರ ಬಂದಾಗ ಪತ್ರ ವ್ಯವಹಾರ. 2017ರ ಡಿಸೆಂಬರಿನಲ್ಲಿ, ಕುಡಿಯುವ ನೀರಿಗಾಗಿ ಮಾತಿಗೆ ಸಿದ್ಧ ಎಂದು ಗೋವೆಯ ಮುಖ್ಯಮಂತ್ರಿಗಳು ಬರೆದ ಪತ್ರ ನಮ್ಮ ಮುಖ್ಯಮಂತ್ರಿಗಳಿಗೆ ಬರಲಿಲ್ಲ. ಇಲ್ಲಿನ ವಿರೋಧ ಪಕ್ಷದ ರಾಜ್ಯಾಧ್ಯಕ್ಷರಿಗೆ ಬಂತು. ಮುಂದೆ ಐದು ತಿಂಗಳಿಗೆ ಚುನಾವಣೆ. ಬೆಂಗಳೂರಿನಲ್ಲಿ, ಪಣಜಿಯಲ್ಲಿ, ದಿಲ್ಲಿಯಲ್ಲಿ ಒಂದೇ ಪಕ್ಷದ ಸರ್ಕಾರ ಇದ್ದಾಗಲೂ ನೋಡಿದ್ದೇವೆ, ಬೇರೆ ಬೇರೆ ಇದ್ದಾಗಲೂ ನೋಡಿದ್ದೇವೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು.

ಮೇಲಿನವರ ಮಾತೂ ಕೇಳಬೇಕು

ಇಷ್ಟು ಹೇಳಿದ ಮೇಲೆ ನಾಳೆಯೇ ಒಪ್ಪಿಗೆ ಕೊಡಿ ಎಂದು ಕೂಗಿ ಕೂತುಬಿಡುವುದು ಸುಲಭ. ಆದರೆ ನಾನು ನಿಂತಿರುವುದು ಖಾನಾಪುರದಲ್ಲಿ. ಇಲ್ಲಿನ ಸದಸ್ಯರ ಮಾತನ್ನು ನುಂಗಿ ಹೋಗಲಾರೆ.

ಈ ತಾಲೂಕಿನ ಪಶ್ಚಿಮದ ಕಾಡು ಸಾಮಾನ್ಯ ಕಾಡಲ್ಲ. ಭೀಮಗಡವನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಿದರು. ಗಡಿಯಾಚೆ ಗೋವೆಯ ಮಹದಾಯಿ ಅಭಯಾರಣ್ಯ 1999ರದು. 2023ರ ಜುಲೈಯಲ್ಲಿ ಅದನ್ನು ಹುಲಿ ಸಂರಕ್ಷಿತ ಪ್ರದೇಶ ಮಾಡಿರೆಂದು ಮುಂಬಯಿ ಹೈಕೋರ್ಟಿನ ಗೋವಾ ಪೀಠ ಆದೇಶಿಸಿತು. ಈ ಕಾಡೇ ಮಳೆಯನ್ನು ಹಿಡಿದು ಮಲಪ್ರಭೆಗೆ ಬಿಡುವುದು. ಕಾಡು ಕಡಿದು, ನೆಲ ತೋಡಿದರೆ ಮಲಪ್ರಭೆಯ ಹುಟ್ಟು ನೀರೇ ಕಡಿಮೆಯಾದೀತು. ಆಗ ತಿರುಗಿಸಿ ತಂದದ್ದರಿಂದ ಏನು ಬಂತು ಎಂದು ಇಲ್ಲಿಯ ಜನ ಕೇಳುತ್ತಾರೆ. ಬೆಳಗಾವಿ ನಗರದಲ್ಲಿಯೂ ಇದೇ ಮಾತನ್ನು ಎತ್ತಿ ಹಿಡಿದವರಿದ್ದಾರೆ. ಕಾಡಂಚಿನ ಗೌಳಿ ಕುಟುಂಬಗಳು ಎಮ್ಮೆ ಮೇಯಿಸುವ ಜಾಗ, ಭತ್ತದ ಗದ್ದೆಗೆ ಬರುವ ಹಳ್ಳದ ನೀರು, ಇವುಗಳ ಗತಿಯೇನು ಎಂಬುದೂ ನ್ಯಾಯವಾದ ಪ್ರಶ್ನೆ. ಇದನ್ನು ಕೇಳಿದವರನ್ನು ನೀರಿನ ವಿರೋಧಿಗಳು ಎನ್ನುವುದು ತಪ್ಪು. ನೀರು ಕೇಳಿದ ನರಗುಂದದವರನ್ನು ಕಾಡಿನ ವಿರೋಧಿಗಳು ಎನ್ನುವುದೂ ಅಷ್ಟೇ ತಪ್ಪು.

ಈ ತಕರಾರುಗಳಿಂದ ಒಂದು ಒಳ್ಳೆಯದೂ ಆಗಿದೆ, ಅದನ್ನು ಹೇಳಲೇಬೇಕು. ಮೊದಲಿನ ಯೋಜನೆ ತೆರೆದ ಕಾಲುವೆಯದು. 2022ರ ಪರಿಷ್ಕೃತ ವರದಿಯಲ್ಲಿ ನೀರನ್ನು ಪಂಪಿನಿಂದ ಎತ್ತಿ ನೆಲದೊಳಗಿನ ಕೊಳವೆಯಲ್ಲಿ ಸಾಗಿಸುವ ಮಾತಿದೆ. ಕಾಡಿನ ಜಮೀನು ಮೊದಲಿಗಿಂತ ಬಹಳ ಕಡಿಮೆ ಸಾಕು. ಅಂದರೆ ತಡವಾದ ಎಲ್ಲ ದಿನಗಳೂ ಹಾಳಾಗಲಿಲ್ಲ. ಕೆಲವು ದಿನ ಕೆಲಸ ನಡೆಯಿತು, ಬಹಳ ದಿನ ಕಡತ ಮಲಗಿತು.

ಹೊರದೇಶದ ಒಂದು ಪಾಠ

ಇಂಥ ಎಳೆದಾಟ ನಮ್ಮಲ್ಲಷ್ಟೇ ಎಂದು ತಿಳಿಯಬೇಡಿ. ಕೆನಡಾ ದೇಶದಿಂದ ಅಮೆರಿಕಕ್ಕೆ ಕಚ್ಚಾ ಎಣ್ಣೆ ತರಲು ಕೀಸ್ಟೋನ್ ಎಕ್ಸ್‌ಎಲ್ ಎಂಬ ಸುಮಾರು 1,900 ಕಿಲೋಮೀಟರ್ ಕೊಳವೆ ಹಾಕುವೆವೆಂದು ಒಂದು ಕಂಪನಿ 2008ರಲ್ಲಿ ಅರ್ಜಿ ಹಾಕಿತು. ದಾರಿಯಲ್ಲಿ ನೆಬ್ರಾಸ್ಕಾ ರಾಜ್ಯ. ದನ ಸಾಕುವವರ ನಾಡು. ಅವರ ಬಾವಿಗಳಿಗೆ ನೀರು ಕೊಡುವ ಅಂತರ್ಜಲದ ಮೇಲೆಯೇ ಕೊಳವೆ ಹೋಗುತ್ತಿತ್ತು. ಎಣ್ಣೆ ಸೋರಿದರೆ ನಮ್ಮ ದನ ಏನು ಕುಡಿಯಬೇಕು ಎಂದು ಅವರು ಎದ್ದು ನಿಂತರು. ಅದರ ಫಲವಾಗಿ, ಮರಳು ದಿಬ್ಬಗಳ ಸೂಕ್ಷ್ಮ ಪ್ರದೇಶವನ್ನು ಬಳಸಿ ಹೋಗುವಂತೆ ದಾರಿ ಬದಲಾಯಿತು. ಅಲ್ಲಿಯವರೆಗಿನ ತಡದಲ್ಲಿ ಅರ್ಥವಿತ್ತು. ಆಮೇಲಿನದು ಬರೀ ಅಧಿಕಾರದ ಆಟ. 2015ರಲ್ಲಿ ಅಧ್ಯಕ್ಷ ಒಬಾಮ ಬೇಡ ಎಂದರು, 2017ರಲ್ಲಿ ಅಧ್ಯಕ್ಷ ಟ್ರಂಪ್ ಬೇಕು ಎಂದರು, 2021ರ ಜನವರಿಯಲ್ಲಿ ಅಧ್ಯಕ್ಷ ಬೈಡನ್ ಅಧಿಕಾರಕ್ಕೆ ಬಂದ ದಿನವೇ ಮತ್ತೆ ಬೇಡ ಎಂದರು. ಅದೇ ವರ್ಷ ಜೂನ್‌ನಲ್ಲಿ ಕಂಪನಿ ಕೈಬಿಟ್ಟಿತು. ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಆ ರೈತರ ಜಮೀನಿನ ಮೇಲೆ ಕತ್ತಿ ತೂಗುತ್ತಿತ್ತು.

ಎಣ್ಣೆಯ ಕೊಳವೆಯೂ ನೀರಿನ ಕೊಳವೆಯೂ ಒಂದೇ ಅಲ್ಲ. ನೀರು ಸೋರಿದರೆ ಹೊಲ ಕೆಡುವುದಿಲ್ಲ. ಆದರೆ ನಿರ್ಧಾರವಾಗದೆ ತೂಗುವ ಜಮೀನಿನ ಪಾಡು ಎಲ್ಲ ಕಡೆ ಒಂದೇ. ಅಲ್ಲಿ ಬಾವಿ ತೋಡಬೇಕೋ ಬೇಡವೋ, ಗಿಡ ನೆಡಬೇಕೋ ಬೇಡವೋ, ಮಗನಿಗೆ ಕೊಟ್ಟಿಗೆ ಕಟ್ಟಿಸಿ ಕೊಡಬೇಕೋ ಬೇಡವೋ ಎಂದು ಮನೆಯ ಹಿರಿಯ ತೀರ್ಮಾನ ಮಾಡಲಾರ.

ನಮ್ಮ ಜಿಲ್ಲೆಗೆ ಕೊಳವೆಯ ಅನುಭವ ಹೊಸದೇನಲ್ಲ. ದಾಭೋಳದಿಂದ ಬೆಂಗಳೂರಿಗೆ ನೈಸರ್ಗಿಕ ಅನಿಲ ಒಯ್ಯುವ ಗೇಲ್ ಸಂಸ್ಥೆಯ ಕೊಳವೆ ಬೆಳಗಾವಿ ಜಿಲ್ಲೆಯನ್ನು ಹಾಯ್ದು ಹೋಗಿದೆ. 2013ರಲ್ಲಿ ಅದು ಚಾಲನೆಗೆ ಬಂತು. ಎಣ್ಣೆ, ಅನಿಲದ ಕೊಳವೆಗೆ 1962ರ ಕಾಯ್ದೆಯೊಂದಿದೆ. ಅದರಂತೆ ಜಮೀನಿನ ಒಡೆತನ ರೈತನದೇ. ಬಳಕೆಯ ಹಕ್ಕಷ್ಟೇ ಹೋಗುತ್ತದೆ. ಆ ಪಟ್ಟಿಯಲ್ಲಿ ಬೆಳೆ ಬೆಳೆಯಬಹುದು, ಮನೆ, ಬಾವಿ, ಕೆರೆ ಮಾಡುವಂತಿಲ್ಲ, ಮರ ನೆಡುವಂತಿಲ್ಲ. ಬೆಳೆ, ಗಿಡಗಳ ನಷ್ಟವಲ್ಲದೆ, ಹಕ್ಕಿಗೆಂದು ಜಮೀನಿನ ಮಾರುಕಟ್ಟೆ ಬೆಲೆಯ ನೂರಕ್ಕೆ ಹತ್ತು ಭಾಗ ಪರಿಹಾರ. ಅಧಿಸೂಚನೆ ಹೊರಟ 21 ದಿನದೊಳಗೆ ಆಕ್ಷೇಪಣೆ ಸಲ್ಲಿಸಬೇಕು. ನೀರಿನ ಕೊಳವೆ ಈ ಕಾಯ್ದೆಗೆ ಬರುವುದಿಲ್ಲ. 2013ರ ಭೂಸ್ವಾಧೀನ ಕಾಯ್ದೆಯ ಅಡಿ ನೋಟೀಸು ಬಂದರೆ ಆಕ್ಷೇಪಣೆಗೆ 60 ದಿನ. ಆದ್ದರಿಂದ ಯಾರೇ ನೋಟೀಸು ತಂದರೂ, ‘ಇದು ಯಾವ ಕಾಯ್ದೆ, ಕೊನೆಯ ದಿನ ಯಾವುದು’ ಎಂದು ಮೊದಲು ಕೇಳಿ. ಓದಲು ಬಾರದಿದ್ದರೆ ಸಂಘದ ಕಾರ್ಯದರ್ಶಿಯಿಂದ ಓದಿಸಿಕೊಳ್ಳಿ. ಕೈಗೆ ಬಂದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಮನೆಗೆ ಹೋಗಬೇಡಿ.

ಎರಡು ಬಗೆಯ ತಡ

ಈಗ ನನ್ನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ.

ತಡ ಎರಡು ಬಗೆ. ಸಂಘದಲ್ಲಿ ನೀವು ಹಾಲು ಹಾಕಿದಾಗ ಪರೀಕ್ಷೆಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಲ್ಯಾಕ್ಟೋಮೀಟರ್ ಇಳಿಬಿಡಬೇಕು, ಫ್ಯಾಟು ನೋಡಬೇಕು, ಹುಳಿಯೇ ಎಂದು ನೋಡಬೇಕು. ಆ ತಡಕ್ಕೆ ನೀವು ಸಿಟ್ಟಾಗುವುದಿಲ್ಲ. ಅದು ನಿಮ್ಮದೇ ಒಳ್ಳೆಯದಕ್ಕೆ. ಆದರೆ ಪರೀಕ್ಷೆಯನ್ನೂ ಮಾಡದೆ, ತಗೊಳ್ಳುತ್ತೇವೆ ಎಂದೂ ಹೇಳದೆ, ಒಲ್ಲೆ ಎಂದೂ ಹೇಳದೆ ಕ್ಯಾನನ್ನು ಬಿಸಿಲಿಗೆ ಇಟ್ಟರೆ? ಒಲ್ಲೆ ಎಂದಿದ್ದರೆ ಮನೆಗೆ ಒಯ್ದು ಹೆಪ್ಪು ಹಾಕಿ ಬೆಣ್ಣೆ ತೆಗೆಯುತ್ತಿದ್ದಿರಿ. ತಗೊಂಡಿದ್ದರೆ ದುಡ್ಡಾಗುತ್ತಿತ್ತು. ಸುಮ್ಮನೆ ಬಿಸಿಲಿಗಿಟ್ಟ ಹಾಲು ಒಡೆದು ಯಾರಿಗೂ ಇಲ್ಲವಾಯಿತು. ಕಳಸಾ-ಬಂಡೂರಿಯಲ್ಲಿ ಕಾಡಿನ ಪರಿಶೀಲನೆಗೆ ಹಿಡಿದ ಸಮಯ ಮೊದಲನೆಯ ಬಗೆಯದು. ಒಪ್ಪಿಗೆ ಕೊಟ್ಟು ತಡೆಹಿಡಿದದ್ದು, ತೀರ್ಪಿನ ನಂತರ ಗೆಜೆಟ್ಟಿಗೆ ಒಂದೂವರೆ ವರ್ಷ ಕಾದದ್ದು, ಚುನಾವಣೆ ನೋಡಿ ಕಡತ ಎತ್ತಿದ್ದು, ಚುನಾವಣೆ ನೋಡಿ ಇಳಿಸಿದ್ದು ಎರಡನೆಯ ಬಗೆಯದು.

ಎರಡನೆಯ ಬಗೆಯ ತಡದ ನಷ್ಟ ಕಡತ ಇಟ್ಟವರಿಗೆ ತಟ್ಟುವುದಿಲ್ಲ. ಅದು ಎರಡು ತುದಿಯ ನಮ್ಮ ಸದಸ್ಯರಿಗೇ ತಟ್ಟುತ್ತದೆ. ಕೆಳಗೆ ಸವದತ್ತಿ, ರಾಮದುರ್ಗದ ಕಡೆ ನೀರು ಬರುತ್ತದೆಂಬ ಭರವಸೆಯಲ್ಲಿ ಬೇರೆ ವ್ಯವಸ್ಥೆ ನಡೆಯುವುದಿಲ್ಲ; ಕೆರೆ ಹೂಳು ತುಂಬಿಯೇ ಇರುತ್ತದೆ, ಬರ ಬಂದಾಗ ಎಮ್ಮೆ ಸಂತೆಗೆ ಹೋಗುತ್ತದೆ. ಮೇಲೆ ಖಾನಾಪುರದ ಕಡೆ ಇವತ್ತು ಅಗೆಯುತ್ತಾರೋ ನಾಳೆ ಅಗೆಯುತ್ತಾರೋ ಎಂಬ ಅಂಜಿಕೆ. ನಿಜವಾಗಿ ಎಷ್ಟು ಮರ, ಎಷ್ಟು ಜಮೀನು, ಯಾವ ಊರಿನ ಮಗ್ಗುಲು ಎಂದು ಕೂಡಿಸಿ ಹೇಳಿದವರಿಲ್ಲ. ಒಂದು ತುದಿಯವರನ್ನು ಇನ್ನೊಂದು ತುದಿಯವರ ಮೇಲೆ ಎತ್ತಿಕಟ್ಟುವುದು ಮಾತ್ರ ಸುಸೂತ್ರವಾಗಿ ನಡೆಯುತ್ತದೆ.

ನಾವು ಕೇಳಬೇಕಾದ್ದು

ಹಾಗಾದರೆ ನಾವು ಏನು ಕೇಳಬೇಕು? ಯೋಜನೆ ಬೇಕು, ಬೇಡ ಎಂದು ಸಂಘದೊಳಗೆ ಎರಡು ಪಂಗಡವಾಗುವ ಮೊದಲು, ಎರಡೂ ತುದಿಯವರು ಸೇರಿ ಕೇಳಬಹುದಾದ ನಾಲ್ಕು ಮಾತುಗಳಿವೆ.

ಮೊದಲನೆಯದು: ಯಾವ ಅನುಮತಿ ಯಾರ ಮೇಜಿನ ಮೇಲೆ, ಎಂದಿನಿಂದ ಇದೆ ಎಂಬ ಪಟ್ಟಿಯನ್ನು ಸರ್ಕಾರ ಕನ್ನಡದಲ್ಲಿ, ಗಡಿಭಾಗದ ಸದಸ್ಯರಿಗೆ ಮರಾಠಿಯಲ್ಲಿಯೂ, ಪ್ರತಿ ಗ್ರಾಮ ಪಂಚಾಯತಿಯ ಹಲಗೆಗೆ ಅಂಟಿಸಲಿ.

ಎರಡನೆಯದು: ಒಪ್ಪುವವರು ಒಪ್ಪಲಿ, ಒಪ್ಪದವರು ಒಪ್ಪದಿರಲಿ, ಆದರೆ ಕಾರಣ ಬರೆದು, ತಾರೀಖು ಹಾಕಿ ಹೇಳಲಿ. ಮುಂದೂಡಿದರೆ ಯಾವ ಮಾಹಿತಿಗಾಗಿ, ಯಾವ ದಿನದವರೆಗೆ ಎಂದು ಬರೆಯಲಿ.

ಮೂರನೆಯದು: ಕೊಳವೆ ಹೋಗುವ ದಾರಿಯನ್ನು ಗ್ರಾಮಸಭೆಯಲ್ಲಿ ನಕಾಶೆ ಹಾಸಿ ತೋರಿಸಲಿ. ಕಡಿಯುವ ಮರ, ಮೇವಿನ ಜಾಗ, ಹಳ್ಳದ ನೀರು, ಕಾಡಂಚಿನವರ ಅರಣ್ಯ ಹಕ್ಕು ಇವುಗಳ ಲೆಕ್ಕವನ್ನು ಮೊದಲೇ ಕೊಡಲಿ.

ನಾಲ್ಕನೆಯದು: 3.9 ಟಿ.ಎಂ.ಸಿ. ಕುಡಿಯುವ ನೀರೆಂದು ಕೊಟ್ಟದ್ದು. ಅದು ಕುಡಿಯುವುದಕ್ಕೇ ಹೋಗುತ್ತದೆಂಬುದಕ್ಕೆ ಕೆಳಗಿನವರೂ ಜವಾಬುದಾರರಾಗಬೇಕು. ಕುಡಿಯುವ ನೀರೆಂದರೆ ದನದ ಕುಡಿಯುವ ನೀರೂ ಸೇರಿದೆ ಎಂಬುದನ್ನು ಯೋಜನೆಯಲ್ಲಿ ಬಾಯಿಬಿಟ್ಟು ಬರೆಸಬೇಕು. ಊರಿನ ಟ್ಯಾಂಕಿಯ ಪಕ್ಕ ದನದ ತೊಟ್ಟಿ ಇಲ್ಲದಿದ್ದರೆ ನಮ್ಮ ಪಾಲಿಗೆ ಅದು ಅರ್ಧ ಯೋಜನೆ.

ಇದರ ಜೊತೆಗೆ ನಮ್ಮ ಕೈಯಲ್ಲಿರುವ ಕೆಲಸ ಯಾರ ಒಪ್ಪಿಗೆಗೂ ಕಾಯುವುದಿಲ್ಲ. ಕೊಟ್ಟಿಗೆಯ ಮೇಲಿನ ಮಳೆ ನೀರನ್ನು ತೊಟ್ಟಿಗೆ ಇಳಿಸಿ. ಹೊಲದಲ್ಲಿ ಕೃಷಿಹೊಂಡ ತೋಡಿ. ಜೋಳದ ಕಣಕಿಯನ್ನು ಕತ್ತರಿಸಿ ಹಾಕಿದರೆ ಮೇವು ಪೋಲಾಗುವುದು ಕಡಿಮೆ. ಮಳೆಗಾಲದ ಹಸಿರು ಮೇವನ್ನು ರಸಮೇವು ಮಾಡಿಟ್ಟರೆ ಬೇಸಿಗೆಗೆ ಆಗುತ್ತದೆ. ಊರ ಕೆರೆಯ ಹೂಳು ತೆಗೆಸಲು ಸಂಘದ ವತಿಯಿಂದ ಪಂಚಾಯತಿಗೆ ಠರಾವು ಕಳಿಸಿ. ದಿಲ್ಲಿಯ ನೀರು ಬರುವ ತನಕ ಎಮ್ಮೆ ಕಾಯುವುದಿಲ್ಲ.

ಬಾಂಧವರೇ, ಸಹಕಾರಿ ಸಂಘದಲ್ಲಿ ಒಂದು ರೂಢಿಯಿದೆ. ಎಷ್ಟು ವಾದ ಮಾಡಿದರೂ ಕೊನೆಗೆ ಠರಾವು ಬರೆಯುತ್ತೇವೆ; ಸೂಚಿಸಿದವರು ಯಾರು, ಅನುಮೋದಿಸಿದವರು ಯಾರು ಎಂದು ನಡಾವಳಿಯಲ್ಲಿ ದಾಖಲಾಗುತ್ತದೆ. ಒಪ್ಪದವರ ಹೆಸರೂ ದಾಖಲಾಗುತ್ತದೆ. ನೂರು ಲೀಟರ್ ಹಾಲಿನ ಸಂಘ ಪಾಲಿಸುವ ಈ ನಿಯಮವನ್ನು ಮೂರು ರಾಜ್ಯದವರು, ಒಂದು ಕೇಂದ್ರದವರು ಪಾಲಿಸಲಿ ಎಂದು ಕೇಳುವುದು ದೊಡ್ಡ ಬೇಡಿಕೆಯಲ್ಲ. ಮೇಲೆ ಹೇಳಿದ ನಾಲ್ಕು ಮಾತುಗಳನ್ನು ನಿಮ್ಮ ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಇಡಿ. ಖಾನಾಪುರದ ಸಂಘದ ಠರಾವೂ ಸವದತ್ತಿಯ ಸಂಘದ ಠರಾವೂ ಒಂದೇ ಅಕ್ಷರದಲ್ಲಿ ಹೋದರೆ, ಈ ಎರಡು ತುದಿಯವರನ್ನು ಜಗಳಕ್ಕೆ ಹಚ್ಚುವುದು ಇನ್ನು ಆಗದೆಂದು ಸಂಬಂಧಪಟ್ಟವರಿಗೆ ತಿಳಿಯುತ್ತದೆ.

ಸಂಜೆಯ ಹಾಲಿನ ಹೊತ್ತಾಯಿತು.